ಬೆಂಕಿ ಆರಿಸುವ ಹುಡುಗಿಗೆ ಯಾವ ಬಟ್ಟೆ?

ಹದಡಿಯ ಅಂಜಿನಪ್ಪನಿಗೆ ಯಾವ ಮಾತನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಬರುತ್ತಿರಲಿಲ್ಲ. ಕೆಟ್ಟ ಸುದ್ದಿಯನ್ನಾದರೆ ಹೇಗೋ ಹಲ್ಲು ಕಚ್ಚಿ ಸಂಜೆಯವರೆಗೆ ತಡೆದುಕೊಂಡಾನು. ಒಳ್ಳೆಯ ಸುದ್ದಿ ಮಾತ್ರ ಕಿವಿಯಿಂದ ಒಳಗೆ ಹೋದದ್ದೇ ಬಾಯಿಯಿಂದ ಹೊರಗೆ ಬರುತ್ತಿತ್ತು, ನಡುವೆ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಹಾಗಾಗಿ ದಾವಣಗೆರೆಯಿಂದ ಮಗಳು ಸುಮಾ ಫೋನು ಮಾಡಿ, "ಅಪ್ಪಾಜಿ, ಹರಿಹರದ ಫ್ಯಾಕ್ಟರಿಯೋರು ಇಂಟರ್‌ವ್ಯೂಗೆ ಕರೆದಾರೆ, ಬೆಂಕಿ ಆರಿಸೋ ಕೆಲಸಕ್ಕೆ" ಎಂದಳೋ ಇಲ್ಲವೋ, ಊರಿಗೆ ಊರೇ ತಿಳಿದುಕೊಂಡಿತು. ಬಸ್ಸಿಗೆ ಕಾಯುತ್ತ ನಿಂತಿದ್ದ ಲೋಕಿಕೆರೆಯ ಅಪರಿಚಿತರಿಬ್ಬರು ಕೂಡ ತಮಗೆ ಸಂಬಂಧವೇ ಇಲ್ಲದ ಈ ಸಂಭ್ರಮದಲ್ಲಿ ಸಿಕ್ಕಿಬಿದ್ದು ಬಸ್ಸು ತಪ್ಪಿಸಿಕೊಂಡರು.

ಸುಮಾ ದಾವಣಗೆರೆಯಲ್ಲಿ ಬೆಂಕಿ ಮತ್ತು ಸುರಕ್ಷತೆಯ ಡಿಪ್ಲೊಮಾ ಮುಗಿಸಿದ್ದಳು. ವಿದ್ಯಾನಗರದಲ್ಲಿ ಬಟ್ಟೆ ವ್ಯಾಪಾರಿ ವಾಮದೇವಪ್ಪನವರ ಮನೆಯ ಮಹಡಿಯ ಮೇಲೆ ಒಂದು ಕೋಣೆ ಹಿಡಿದಿದ್ದಳು. ಓರಗೆಯ ಹುಡುಗಿಯರು ಬೆಳಿಗ್ಗೆ ಕನ್ನಡಿಯ ಮುಂದೆ ನಿಲ್ಲುವ ಹೊತ್ತಿಗೆ ಇವಳು ಮರಳಿನ ಚೀಲ ಹೊತ್ತು ಮೈದಾನ ಸುತ್ತುತ್ತಿದ್ದಳು. ಅಂಥ ಹುಡುಗಿ ಫೋನು ಇಡುವ ಮುಂಚೆ, ಯಾರಾದರೂ ತಮ್ಮಷ್ಟಕ್ಕೆ ತಾವು ಅಂದುಕೊಳ್ಳುವಂತೆ, "ಏನು ಹಾಕ್ಕೊಂಡು ಹೋಗ್ಬೇಕೋ ನೋಡ್ಬೇಕು" ಎಂದುಬಿಟ್ಟಳು.

ಆ ಮಾತನ್ನು ಅವಳು ಆಡಬಾರದಿತ್ತು. ಅಂಜಿನಪ್ಪ ಅದನ್ನು ಮಗಳು ತನ್ನ ಮುಂದಿಟ್ಟ ಅರ್ಜಿ ಎಂದೇ ತಿಳಿದ. ಓದಿನಲ್ಲಿ ಅವಳಿಗೆ ಸಹಾಯ ಮಾಡಲು ಅವನಿಂದ ಆಗಿರಲಿಲ್ಲ, ಓಟದಲ್ಲಿ ಆಗಿರಲಿಲ್ಲ. ಬಟ್ಟೆಯಲ್ಲಾದರೂ ಆಗಲಿ! ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ನಿಂಗರಾಜನ ಚಹಾದಂಗಡಿಗೆ ನಡೆದ. ಹದಡಿಯಲ್ಲಿ ದೊಡ್ಡ ಪ್ರಶ್ನೆಗಳು ಇತ್ಯರ್ಥವಾಗುತ್ತಿದ್ದುದು ಅಲ್ಲಿಯೇ.

ನಿಂಗರಾಜ ಚಹಾ ಸೋಸುತ್ತ ಎಲ್ಲವನ್ನೂ ಕೇಳಿದ. ಆಮೇಲೆ ವೈದ್ಯರು ಕೆಟ್ಟ ರೋಗದ ಹೆಸರು ಹೇಳುವ ದನಿಯಲ್ಲಿ ಕೇಳಿದ:

"ಬೆಂಕಿ ಆರಿಸೋ ಕೆಲಸಕ್ಕೆ ಬರೇ ಬಾಯಲ್ಲಿ ಪ್ರಶ್ನೆ ಕೇಳಿ ಕಳಿಸ್ತಾರೆ ಅಂತ ಮಾಡೀಯೇನು? ಹಚ್ಚಿ ನೋಡ್ತಾರೆ."

"ಏನು ಹಚ್ಚಿ?"

"ಬೆಂಕಿ."

"ಯಾತಕ್ಕೆ?"

"ಬಂದೋರಿಗೆ!"

ಅಲ್ಲಿಂದ ಚರ್ಚೆ ಬಟ್ಟೆಯ ಮೇಲೆ ಬಿತ್ತು. ನೈಲಾನು ಬೇಡವೇ ಬೇಡ, ಮೈಗೆ ಅಂಟಿಕೊಳ್ಳುತ್ತದೆ ಎಂದ ಒಬ್ಬ. ಹತ್ತಿಯೇ ಸರಿ, ಆದರೆ ಒದ್ದೆ ಮಾಡಿ ಉಡಬೇಕು ಎಂದ ಇನ್ನೊಬ್ಬ. ನಿಂಗರಾಜ ಎಲ್ಲರನ್ನೂ ಸುಮ್ಮನಿರಿಸಿ, "ಕಂಬಳಿ! ಕಂಬಳಿಗೆ ಬೆಂಕಿ ಹತ್ತಂಗಿಲ್ಲ, ಬರೇ ಕಮಟು ನಾರ್ತೈತೆ. ಹುಡುಗಿಗೆ ಕರಿ ಕಂಬಳಿ ಹೊದಿಸಿ ಕಳ್ಸು" ಎಂದು ತೀರ್ಪು ಕೊಟ್ಟ.

ಹಾಲು ಹಾಕಲು ಬಂದಿದ್ದ ದುರುಗಮ್ಮ ಇದನ್ನೆಲ್ಲ ಕೇಳಿಸಿಕೊಂಡು, "ಹುಡುಗಿ ಬೆಂಕಿ ಆರ್ಸೋಕೆ ಹೊಂಟಾಳೋ, ಕುರಿ ಕಾಯೋಕೆ ಹೊಂಟಾಳೋ?" ಎಂದಳು. ಹೆಂಗಸಿನ ಮಾತಾದ್ದರಿಂದ ಸಭೆ ಅದನ್ನು ಪರಿಗಣಿಸಲಿಲ್ಲ.

ಮನೆಯಲ್ಲಿ ಹೆಂಡತಿ ನಾಗರತ್ನಮ್ಮನಿಗೆ ಇಷ್ಟೆಲ್ಲ ತಲೆಬಿಸಿ ಇರಲಿಲ್ಲ. ಹೆಣ್ಣುಮಗಳನ್ನು ನೋಡಲು ಕರೆದಿದ್ದಾರೆ ಎಂದರೆ ಆಕೆಗೆ ಗೊತ್ತಿದ್ದ ಬಟ್ಟೆ ಒಂದೇ. ಟ್ರಂಕಿನ ತಳದಿಂದ ತನ್ನ ಮದುವೆಯ ಹಸಿರು ರೇಷ್ಮೆ ಸೀರೆ ತೆಗೆದು, ಕೆಂಪು ಅಂಚನ್ನು ಒಮ್ಮೆ ಸವರಿ, ಚೀಲಕ್ಕೆ ಹಾಕಿದಳು. "ನೋಡೋಕೆ ಬಂದೋರು ಮೊದ್ಲು ಸೀರೆ ನೋಡ್ತಾರೆ, ಆಮ್ಯಾಲೆ ಮುಖ ನೋಡ್ತಾರೆ" ಎಂದಳು. ಕಂಬಳಿಯನ್ನು ಅಂಜಿನಪ್ಪ ಬೇರೆಯೇ ಕಟ್ಟಿಕೊಂಡಿದ್ದ. ಅವಳು ಅವನಿಗೆ ಕಾಣದಂತೆ ಅದನ್ನು ಬಾಗಿಲ ಹಿಂದೆ ಬಿಟ್ಟು ಬಂದಳು.

ಇಂಟರ್‌ವ್ಯೂವಿನ ಹಿಂದಿನ ದಿನ ಇಬ್ಬರೂ ವಿದ್ಯಾನಗರಕ್ಕೆ ಬಂದಿಳಿದಾಗ ಸುಮಾಳ ಕೋಣೆಯ ಗೋಡೆಗೆ ಇಸ್ತ್ರಿ ಮಾಡಿದ ಬಿಳಿ ಶರ್ಟು ಮತ್ತು ಕಪ್ಪು ಪ್ಯಾಂಟು ತೂಗುತ್ತಿದ್ದವು. ಪಕ್ಕದಲ್ಲಿ ಮೈದಾನದ ಪರೀಕ್ಷೆಗೆಂದು ಓಟದ ಬಟ್ಟೆ.

"ಇದೇ ಅಪ್ಪಾಜಿ ನಾಳೆ ಹಾಕ್ಕೊಳ್ಳೋದು. ಎಲ್ಲಾ ರೆಡಿ ಐತೆ" ಎಂದಳು ಸುಮಾ.

ಅಂಜಿನಪ್ಪ ಶರ್ಟನ್ನು ಮುಂದಿನಿಂದ ನೋಡಿದ, ಹಿಂದಿನಿಂದ ನೋಡಿದ. ಅವನ ಮುಖ ಇಳಿಯಿತು. ಇದೇ ಬಟ್ಟೆ ಹಾಕಿಕೊಂಡವರು ದಾವಣಗೆರೆಯ ಹೋಟೆಲುಗಳಲ್ಲಿ ತನಗೆ ದೋಸೆ ತಂದು ಕೊಟ್ಟದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಅಷ್ಟರಲ್ಲಿ ಬಟ್ಟೆಯ ಮಾತು ಕಿವಿಗೆ ಬಿದ್ದು ವಾಮದೇವಪ್ಪನವರು ಮೆಟ್ಟಿಲೇರಿ ಬಂದರು. ಚೌಕಿಪೇಟೆಯಲ್ಲಿ ತಲೆಮಾರುಗಳಿಂದ ಬಟ್ಟೆ ಅಳೆದ ಮನೆತನ ಅವರದು. ಹಣೆಯ ಮೇಲೆ ವಿಭೂತಿ, ಮಾತಿನ ಮೇಲೆ ಭರವಸೆ.

"ನೋಡ್ರಿ ಅಂಜಿನಪ್ಪ, ದಾವಣಗೆರೆ ಅಂದ್ರೆ ಬಟ್ಟೆ, ಬಟ್ಟೆ ಅಂದ್ರೆ ದಾವಣಗೆರೆ. ಮಿಲ್ಲುಗಳು ನಡೀತಿದ್ದಾಗ ನಮ್ಮೂರಿನ ಅರಿವೆ ಉಡದ ಮನುಷ್ಯ ಈ ಸೀಮಿಯೊಳಗೇ ಇರ್ಲಿಲ್ಲ. ಅಂಥಾ ಊರಿನಿಂದ ಹೋಗೋ ಹುಡುಗಿ ಇಂಟರ್‌ವ್ಯೂಗೆ ಕೋಟು ಇಲ್ಲದಂಗೆ ಹೋಗೋದಾ?"

ಕೆಳಗಿನಿಂದ ಅವರ ಹೆಂಡತಿ ನಿರ್ಮಲಮ್ಮನವರ ದನಿ ಕೇಳಿಸಿತು: "ಮಿಲ್ಲು ಮುಚ್ಚಿ ಎಷ್ಟೋ ಕಾಲ ಆತು. ಇವರ ಬಾಯಿ ಮಾತ್ರ ಇನ್ನೂ ಮೂರು ಶಿಫ್ಟ್ ನಡೀತೈತೆ."

ಕೋಟು ತನಗೆ ಬೇಡ ಎಂದು ಸುಮಾ ಕೈಮುಗಿದಳು. ವಾಮದೇವಪ್ಪನವರು ಸೋಲುವ ಪೈಕಿ ಅಲ್ಲ. ತಮ್ಮ ಮದುವೆಯಲ್ಲಿ ಹಾಕಿಕೊಂಡ ಬೂದು ಬಣ್ಣದ ಕೋಟನ್ನು ತಂದು ಅಂಜಿನಪ್ಪನ ಕೈಗೇ ಇಟ್ಟರು. "ಹುಡುಗಿ ಒಲ್ಲೆ ಅಂದ್ರೆ ನೀವಾದ್ರೂ ಹಾಕ್ಕೊಳ್ರಿ. ತಂದೆ ಮೈಮ್ಯಾಲಿನ ಕೋಟು ನೋಡಿ ಮಗಳ ಯೋಗ್ಯತೆ ಅಳೀತಾರೆ." ಅಂಜಿನಪ್ಪ ಅದನ್ನು ತೊಟ್ಟು ನಿಂತ. ಒಣಗಿದ ಜೋಳದ ದಂಟಿಗೆ ಗೋಣಿಚೀಲ ತೊಡಿಸಿದಂತಿತ್ತು. ಆದರೆ ಕೋಟಿನೊಳಗೆ ಹೋದ ಮೇಲೆ ಮನುಷ್ಯನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ; ತಲೆ ಮಾತ್ರ ಸ್ವಲ್ಪ ತಿರುಗುತ್ತದೆ.

ಆ ಸಂಜೆ ಸುಮಾ ಓಟಕ್ಕೆಂದು ಮೈದಾನಕ್ಕೆ ಹೋದಳು. ಅಂಜಿನಪ್ಪ ಶರ್ಟು ಪ್ಯಾಂಟು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹಳೇಪೇಟೆಯ ಗಲ್ಲಿಯಲ್ಲಿದ್ದ ಮಸ್ತಾನಸಾಬರ ಟೈಲರ್ ಅಂಗಡಿಗೆ ಹೋದ. ಮಸ್ತಾನಸಾಬರು ಒಳ್ಳೆಯ ಕಸಬುಗಾರರು. ಮದುವೆಯ ಸುಗ್ಗಿಯಲ್ಲಿ ಅವರಿಗೆ ಉಸಿರಾಡಲು ಪುರುಸೊತ್ತಿರುತ್ತಿರಲಿಲ್ಲ, ಯಾಕೆಂದರೆ ಊರಿನ ಬ್ಯಾಂಡು ಸೆಟ್ಟುಗಳಿಗೆಲ್ಲ ಡ್ರೆಸ್ ಹೊಲಿಯುತ್ತಿದ್ದವರು ಅವರೇ. ಈ ಒಂದು ಸಂಗತಿ ಅಂಜಿನಪ್ಪನಿಗೆ ಗೊತ್ತಿರಲಿಲ್ಲ.

"ಸಾಬ್ರೇ, ನಮ್ಮ ಹುಡುಗಿದು ನಾಳೆ ದೊಡ್ಡ ಕೆಲಸ ಐತೆ. ಈ ಅಂಗಿ ಭಾಳ ಸಪ್ಪೆ. ನೋಡಿದೋರು ದಾರಿ ಬಿಡ್ಬೇಕು, ಹಂಗೆ ಮಾಡ್ರಿ. ಕೆಂಪು ಬಣ್ಣ ಎದ್ದು ಕಾಣ್ಬೇಕು."

ಮಸ್ತಾನಸಾಬರ ಕಾಲಡಿಯಲ್ಲಿ ಹೊಲಿಗೆ ಯಂತ್ರ ಗಡಗಡ ಎನ್ನುತ್ತಿತ್ತು. ಹುಡುಗಿಯರೂ ಬ್ಯಾಂಡಿಗೆ ಬರುವ ಕಾಲ ಬಂತೇ ಎಂದು ಅವರಿಗೆ ಮೆಚ್ಚಿಗೆಯೇ ಆಯಿತು. "ಭೇಷ್! ಹುಡುಗಿ ಏನು ಊದ್ತಾಳ್ರಿ?" ಎಂದು ಕೇಳಿದರು.

ಯಂತ್ರದ ಸದ್ದಿನಲ್ಲಿ ಅಂಜಿನಪ್ಪನಿಗೆ ಕೇಳಿಸಿದ್ದು "ಏನು ಓದ್ತಾಳ್ರಿ?" ಎಂದು. "ಓದೋದೆಲ್ಲ ಮುಗಿದೈತೆ ಸಾಬ್ರೇ. ಫಸ್ಟ್ ಕ್ಲಾಸು!"

ಊದುವುದೆಲ್ಲ ಮುಗಿದಿದೆ ಎಂದಮೇಲೆ ಡ್ರಮ್ಮೇ ಇರಬೇಕು ಎಂದುಕೊಂಡರು ಮಸ್ತಾನಸಾಬರು. "ಫಿಕರ್ ಮಾಡಬ್ಯಾಡ್ರಿ. ಎಲ್ಲಾರ್ಗಿಂತ ಮುಂದೆ ನಿಲ್ಲೋ ಹಂಗೆ ಮಾಡ್ತೀನಿ."

"ಅಷ್ಟು ಮಾಡ್ರಿ ಸಾಕು" ಎಂದ ಅಂಜಿನಪ್ಪ, ಕಣ್ಣು ತುಂಬಿಕೊಂಡು.

ಬೆಳಿಗ್ಗೆ ಅವನು ಹೋಗಿ ತಂದ ಪೊಟ್ಟಣವನ್ನು, ರಾತ್ರಿ ದಣಿದು ಬಂದು ಗೋಡೆಯನ್ನೂ ನೋಡದೆ ಮಲಗಿದ್ದ ಸುಮಾ ಬಿಚ್ಚಿದಳು. ಬಿಳಿ ಶರ್ಟಿನ ಎರಡೂ ಹೆಗಲ ಮೇಲೆ ಕೆಂಪು ಮಖಮಲ್ಲಿನ ಪಟ್ಟಿ, ಪಟ್ಟಿಯಿಂದ ಇಳಿಬಿದ್ದ ಚಿನ್ನದ ಬಣ್ಣದ ಜಾಲರಿ, ಎದೆಯ ತುಂಬ ಹಿತ್ತಾಳೆಯ ಗುಂಡಿ. ಪ್ಯಾಂಟಿನ ಉದ್ದಕ್ಕೂ ಕೆಂಪು ಗೀಟು. ಕಿಟಕಿಯ ಬಿಸಿಲು ಬಿದ್ದು ಇಡೀ ಕೋಣೆ ಝಗ್ ಎಂದಿತು.

ಸುಮಾ ಜಾಲರಿಯನ್ನು ಬೆರಳಿನಿಂದ ಒಮ್ಮೆ ಅಲ್ಲಾಡಿಸಿ ನೋಡಿದಳು.

"ಅಪ್ಪಾಜಿ" ಎಂದಳು ಸುಮಾ ಕೊನೆಗೆ, "ಇದನ್ನ ಹಾಕ್ಕೊಂಡು ಹೋದ್ರೆ ಅವರು ನನ್ನ ಬೆಂಕಿ ಆರ್ಸು ಅನ್ನಲ್ಲ. ಮದುಮಗನ ಮುಂದೆ ನಡಿ ಅಂತಾರೆ."

ಓಟದ ಬಟ್ಟೆಯನ್ನೇ ಹಾಕಿಕೊಂಡು ಹೋಗೋಣವೆಂದು ತಿರುಗಿದರೆ ಅದು ಗೋಡೆಯ ಮೇಲೆ ಇರಲಿಲ್ಲ. ಪೇಟೆ ಸೇರಿದ ಹುಡುಗಿಯರು ಬಟ್ಟೆ ಒಗೆಯುವುದೇ ಇಲ್ಲವೆಂದು ನಂಬಿದ್ದ ನಾಗರತ್ನಮ್ಮ, ಮಗಳು ಸ್ನಾನಕ್ಕೆ ಹೋದಾಗ ಕೋಣೆಯಲ್ಲಿ ಕಂಡ ಬಟ್ಟೆಯನ್ನೆಲ್ಲ, ಚೂಡಿದಾರದಿಂದ ಹಿಡಿದು ಹೊದಿಕೆಯವರೆಗೆ, ಬಕೆಟ್ಟಿನಲ್ಲಿ ನೆನೆಹಾಕಿ ಮುಗಿಸಿದ್ದಳು. ಹಸಿರು ಸೀರೆಯೊಂದು ಮಾತ್ರ ಹಾಸಿಗೆಯ ಮೇಲೆ ಒಣಗಿ, ಮಡಚಿ, ತಯಾರಾಗಿ ಕೂತಿತ್ತು.

"ನಾನು ಮೊದ್ಲೇ ಹೇಳಿದ್ನಲ್ಲ" ಎಂದಳು ನಾಗರತ್ನಮ್ಮ. ಆಕೆ ದುಃಖ ನಟಿಸುವ ಗೋಜಿಗೂ ಹೋಗಲಿಲ್ಲ.

ಹರಿಹರದ ಬಸ್ಸಿನಲ್ಲಿ ತಂದೆ ಮಗಳು ಅಕ್ಕಪಕ್ಕ ಕೂತರು. ಮಗಳು ರೇಷ್ಮೆ ಸೀರೆ ಉಟ್ಟು ಕಾಲಿಗೆ ಓಟದ ಬೂಟು ಹಾಕಿದ್ದಳು. ತಂದೆ ಬಿಳಿ ಪಂಚೆಯ ಮೇಲೆ ಬೂದು ಕೋಟು ತೊಟ್ಟಿದ್ದ. ಬೀಗರ ಮನೆಗೆ ಹೊರಟವರೆಂದು ತಿಳಿದು ಕಂಡಕ್ಟರು ಕೂಡ ಮರ್ಯಾದೆಯಿಂದ ಟಿಕೆಟ್ ಹರಿದ. ಹರಿಹರದ ಹೊರವಲಯ ಕಂಡಾಗ ಅಂಜಿನಪ್ಪ ಮೆಲ್ಲಗೆ ಕೇಳಿದ:

"ನಂದೇನೋ ತಪ್ಪಾದಂಗೆ ಐತಲ್ಲ ತಾಯಿ?"

"ಆದಂಗೆ ಅಲ್ಲಪ್ಪಾಜಿ. ಆಗೈತೆ" ಎಂದಳು ಸುಮಾ. ಆಮೇಲೆ ಅವನ ಮುಖ ನೋಡಲಾಗದೆ ಕೋಟಿನ ಕಾಲರು ಸರಿಮಾಡಿದಳು. "ಇರ್ಲಿ ಬಿಡು. ಓದಿದ್ದು ತಲೆಯಾಗೈತೆ. ಅದನ್ನ ಯಾರೂ ಟೈಲರ್ ಹತ್ರ ಒಯ್ಯೋಕೆ ಆಗಲ್ಲ."

ಫ್ಯಾಕ್ಟರಿಯ ಗೇಟಿನಲ್ಲಿ ಕಾವಲುಗಾರನಿಗೆ ಬೆಳಿಗ್ಗೆಯಿಂದ ಒಂದೇ ಅಪ್ಪಣೆಯಾಗಿತ್ತು: ಹೊರಗಿನಿಂದ ಒಬ್ಬ ತಜ್ಞರು ಬರುತ್ತಾರೆ, ಬಂದ ಕೂಡಲೇ ಮರ್ಯಾದೆಯಿಂದ ಒಳಗೆ ಕರೆದುಕೊಂಡು ಬರಬೇಕು. ಅಭ್ಯರ್ಥಿಗಳೆಲ್ಲ ತಗಡಿನ ಶೆಡ್ಡಿನ ಕೆಳಗೆ ಕೂರಬೇಕು. ಅವನು ಸುಮಾಳನ್ನು ಶೆಡ್ಡಿಗೆ ಕಳಿಸಿದ. ಅವಳ ಹಿಂದೆ ಬಂದ ಕೋಟು ಕಂಡದ್ದೇ ಸೆಟೆದು ಸೆಲ್ಯೂಟ್ ಹೊಡೆದ. ಅಂಜಿನಪ್ಪನೂ ತಿರುಗಿ ಸೆಲ್ಯೂಟ್ ಹೊಡೆದ. ಅಲ್ಲಿಗೆ ಆ ಅನಾಹುತಕ್ಕೆ ಸರ್ಕಾರಿ ಮುದ್ರೆ ಬಿದ್ದಂತಾಯಿತು.

ಒಳಗೆ ನೇಮಕಾತಿ ನೋಡಿಕೊಳ್ಳುತ್ತಿದ್ದ ಹುಮಾ ಮೇಡಂ ಎದ್ದು ನಿಂತು ಬರಮಾಡಿಕೊಂಡರು.

"ಬನ್ನಿ ಸರ್. ಹೊರಗಿನಿಂದ ಬರೋರು ನೀವೇ ಅಲ್ವಾ?"

"ಹೊರಗಿನವನೇ ರೀ. ಹದಡಿಯವನು."

"ಫೀಲ್ಡಲ್ಲಿ ಎಷ್ಟು ವರ್ಷ ಆಯ್ತು ಸರ್?"

"ಹುಟ್ಟಿದಾಗಿಂದ್ಲೂ ಫೀಲ್ಡಾಗೇ ರೀ. ನಮ್ಮಪ್ಪನೂ ಫೀಲ್ಡಾಗೇ ಇದ್ರು."

"ಬೆಂಕಿ ಅನಾಹುತ ತುಂಬ ನೋಡಿರ್ತೀರಿ."

"ಅಯ್ಯೋ, ನೋಡ್ದೆ ಏನು! ಹುಲ್ಲಿನ ಬಣವೆ, ಕಬ್ಬಿನ ಗದ್ದೆ, ಒಮ್ಮೆ ನಮ್ಮ ಕೊಟ್ಟಿಗೇನೇ."

ಹುಮಾ ಮೇಡಂ ಪಕ್ಕದಲ್ಲಿದ್ದ ಫೈರ್ ಆಫೀಸರ್ ಬಕ್ಕೇಶರ ಕಡೆ ಮೆಚ್ಚುಗೆಯಿಂದ ನೋಡಿದರು. ಬಕ್ಕೇಶರದು ಇಸ್ತ್ರಿ ಮಾಡಿದಂಥ ಮುಖ, ಅದರ ಮೇಲೆ ಕೊಡಲಿಯಂಥ ಮೀಸೆ. ಅವರು ತಲೆದೂಗಿ ನಡುವಿನ ಕುರ್ಚಿ ತೋರಿಸಿದರು. ಹುಡುಗಿಯ ತಂದೆಗೆ ಇಷ್ಟು ಗೌರವ ಕೊಡುವ ಫ್ಯಾಕ್ಟರಿ ಇನ್ನೆಷ್ಟು ದೊಡ್ಡದಿರಬೇಡ ಎಂದುಕೊಳ್ಳುತ್ತ ಅಂಜಿನಪ್ಪ ಕೂತ.

ಒಬ್ಬೊಬ್ಬರೇ ಹುಡುಗರು ಬಂದರು. ಬಕ್ಕೇಶರು ಯಾವ ಬೆಂಕಿಗೆ ನೀರು, ಯಾವುದಕ್ಕೆ ಪುಡಿ ಎಂದು ಕೇಳುತ್ತಿದ್ದರು. ತಾನೂ ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲವೆಂದು ಅಂಜಿನಪ್ಪ ನಡುನಡುವೆ ಕೇಳಿದ: "ಊಟ ಮಾಡಿ ಬಂದೀಯೇನಪ್ಪ?", "ನಿಮ್ಮಪ್ಪ ಜೊತೆಗೆ ಬಂದಿಲ್ಲೇನು?", "ಈ ಅಂಗಿ ಯಾರ ಹತ್ರ ಹೊಲಿಸಿದ್ದು?" ಎಲ್ಲ ಪ್ರಶ್ನೆಗೂ ತಯಾರಾಗಿ ಬಂದಿದ್ದ ಹುಡುಗರು ಈ ಕೊನೆಯ ಪ್ರಶ್ನೆಗೆ ಬೆವತುಹೋದರು. ಒಬ್ಬನಂತೂ ಅಂಗಿ ತನ್ನದಲ್ಲ, ರೂಮಿನ ಗೆಳೆಯನದು ಎಂದು ಒಪ್ಪಿಕೊಂಡು ಬಿಕ್ಕಿದ. "ಒತ್ತಡ ತಡ್ಕೋತಾರಾ ಅಂತ ನೋಡ್ತಿದ್ದಾರೆ ಸರ್" ಎಂದು ಹುಮಾ ಮೇಡಂ ಬಕ್ಕೇಶರ ಕಿವಿಯಲ್ಲಿ ಉಸುರಿದರು.

ನಡುವೆ ಒಮ್ಮೆ ಅಂಜಿನಪ್ಪ ಧೈರ್ಯ ಮಾಡಿ ಬಕ್ಕೇಶರನ್ನು ಕೇಳಿದ. "ಬೆಂಕಿ ಹಚ್ಚೋದು ಯಾವಾಗ ರೀ?"

"ಮಧ್ಯಾಹ್ನ ಸರ್, ಗ್ರೌಂಡಲ್ಲಿ."

ನಿಂಗರಾಜ ಹೇಳಿದ್ದು ಸುಳ್ಳಲ್ಲ! ಕಂಬಳಿ ಎಲ್ಲಿ ಮರೆತುಬಂದೆನಪ್ಪ ಎಂದು ಅವನು ತಡಕಾಡುತ್ತಿರುವಾಗಲೇ ಬಾಗಿಲು ತೆರೆದು ಸುಮಾ ಒಳಗೆ ಬಂದಳು. ಮೇಜಿನ ಆಚೆ, ಇಬ್ಬರು ಅಧಿಕಾರಿಗಳ ನಡುವೆ, ತನ್ನ ತಂದೆಯನ್ನು ಕಂಡು ನಿಂತಲ್ಲೇ ನಿಂತಳು.

"ಬಾ ತಾಯಿ, ಕೂತ್ಕೊ. ಹೆದರಬ್ಯಾಡ, ಇವರೆಲ್ಲ ನಮ್ಮೋರೇ" ಎಂದ ಅಂಜಿನಪ್ಪ.

ಬಕ್ಕೇಶರ ಮೀಸೆ ಅಲುಗಿತು. "ಈ ಹುಡುಗಿ ನಿಮಗೆ ಗೊತ್ತಾ ಸರ್?"

"ಗೊತ್ತಾ ಅಂದ್ರೆ ಏನ್ರಿ! ನಾನೇ ಹೆಸರಿಟ್ಟೀನಿ. ನಮ್ಮ ಮಗಳು!"

ಆಮೇಲೆ ಆ ಕೋಣೆಯಲ್ಲಿ ನಡೆದದ್ದನ್ನು ವಿಸ್ತಾರವಾಗಿ ಹೇಳುವುದು ಯಾರಿಗೂ ಗೌರವವಲ್ಲ. ನಿಜವಾದ ತಜ್ಞರು ಎಲ್ಲಿ ಎಂದು ಹುಡುಕಿದಾಗ ಅವರು ಶೆಡ್ಡಿನ ಕೆಳಗೆ ಸಿಕ್ಕರು. ಅರ್ಧ ತೋಳಿನ ಬಣ್ಣ ಮಾಸಿದ ಟೀ ಶರ್ಟು, ಕಾಲಲ್ಲಿ ಚಪ್ಪಲಿ. ಬೈಕಿನಲ್ಲಿ ಬಂದವರನ್ನು ಕಾವಲುಗಾರ ಯಾರೋ ಹುಡುಗನ ಅಣ್ಣನೆಂದು ಅಲ್ಲಿ ಕೂರಿಸಿದ್ದ. ಪಾಪ, ಅವರು ಬೆಳಿಗ್ಗೆಯಿಂದ ಅಭ್ಯರ್ಥಿಗಳ ಜೊತೆ ಕಡಲೆಕಾಯಿ ತಿನ್ನುತ್ತ ಕರೆಯಲು ಬರುತ್ತಾರೆಂದು ಕಾಯುತ್ತಿದ್ದರು. ಅಂಜಿನಪ್ಪ ಕುರ್ಚಿ ಬಿಟ್ಟೆದ್ದು ಗೋಡೆಗೆ ಒರಗಿ ನಿಂತ. ಕೋಟಿನೊಳಗೆ ಅವನು ಇನ್ನಷ್ಟು ಸಣ್ಣಗಾಗಿದ್ದ.

ಸುಮಾ ಮಾತ್ರ ತಲೆ ತಗ್ಗಿಸಲಿಲ್ಲ. "ಸರ್, ಇವರು ನಮ್ಮ ತಂದೆ. ಬೇಕಂತ ಮಾಡಿಲ್ಲ. ನನ್ನ ಪ್ರಶ್ನೆ ನೀವು ಕೇಳ್ರಿ" ಎಂದಳು.

ಕೇಳಿದರು. ಕೇಳಿದ್ದಕ್ಕೆಲ್ಲ ಅವಳು ತಡವರಿಸದೆ ಉತ್ತರ ಹೇಳಿದಳು. ಕೊನೆಗೆ ಬಕ್ಕೇಶರು ಸೀರೆಯ ಕಡೆ ಬೆರಳು ತೋರಿಸಿದರು. "ಬೆಂಕಿ ಕೆಲಸಕ್ಕೆ ಬಂದಿದ್ದೀರಿ. ಇದೇನು ಡ್ರೆಸ್ಸು?"

"ಬಿಳಿ ಶರ್ಟು ಕಪ್ಪು ಪ್ಯಾಂಟು ತೆಗೆದಿಟ್ಟಿದ್ದೆ ಸರ್. ಬೆಳಗಾಗೋದ್ರೊಳಗೆ ಅದು ಬ್ಯಾಂಡ್ ಸೆಟ್ಟಿನ ಡ್ರೆಸ್ ಆಗಿತ್ತು. ಮಿಕ್ಕಿದ್ದೆಲ್ಲ ನಮ್ಮವ್ವ ನೆನೆಹಾಕಿದ್ರು."

ಹುಮಾ ಮೇಡಂ ಫೈಲಿನಲ್ಲಿ ಮುಖ ಮುಚ್ಚಿಕೊಂಡರು. ಬಕ್ಕೇಶರು ನಗಲಿಲ್ಲ. "ಬಾಯಿಂದ ಹೇಳಿದ್ದೆಲ್ಲ ಸರಿ ಐತಮ್ಮ. ಆದ್ರೆ ಸೀರೆ ಉಟ್ಕೊಂಡು ಏಣಿ ಹತ್ತೋಕೆ ನಾನು ಬಿಡಲ್ಲ. ಗ್ರೌಂಡಿನ ಬಟ್ಟೆ ಅವರವರೇ ತರ್ಬೇಕು ಅಂತ ಮೊದ್ಲೇ ಹೇಳಿತ್ತು. ಮುಂದಿನ ಸಲ ಬರ್ರಿ."

ಮಗಳು ತನ್ನನ್ನು ಗದರಿದ್ದರೆ ಅಂಜಿನಪ್ಪ ತಡೆದುಕೊಳ್ಳುತ್ತಿದ್ದ. ಅವಳು ಸುಮ್ಮನೆ "ಆಯ್ತು ಸರ್" ಎಂದು ಹೊರಗೆ ನಡೆದದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಹೊರಗೆ ಮೈದಾನದ ಕೊನೆಯಲ್ಲಿ ಅಭ್ಯಾಸಕ್ಕೆಂದು ಕಟ್ಟಿದ ಕಬ್ಬಿಣದ ಗೋಪುರವಿತ್ತು. ಎರಡು ಅಂತಸ್ತಿನ ಎತ್ತರದಲ್ಲಿ ಒಂದು ಅಟ್ಟಣಿಗೆ, ಅದಕ್ಕೆ ಒರಗಿಸಿಟ್ಟ ಉದ್ದನೆಯ ಏಣಿ. ಹುಡುಗರು ಸಾಲಾಗಿ ನಿಂತಿದ್ದರು. ಅಂಜಿನಪ್ಪ ಪಂಚೆ ಎತ್ತಿ ಕಟ್ಟಿದ.

"ಬಕ್ಕೇಶ್ ಸಾಹೇಬ್ರೇ! ಬಟ್ಟೆ ಕೆಡಿಸಿದೋನು ನಾನು. ಹುಡುಗಿದೇನೂ ತಪ್ಪಿಲ್ಲ. ಏಣಿಗೇನು ಗೊತ್ತು ರೀ, ಸೀರೆ ಯಾವ್ದು, ಪ್ಯಾಂಟು ಯಾವ್ದು? ನಾನು ಪಂಚೆ ಉಟ್ಕೊಂಡೇ ಹತ್ತಿ ತೋರಿಸ್ತೀನಿ, ನೋಡ್ರಿ!"

"ಏ ಯಜಮಾನ್ರೇ! ಹಿಡೀರಿ ಅವರನ್ನ!"

ಹಿಡಿಯುವಷ್ಟರಲ್ಲಿ ಅವನು ಅರ್ಧ ಏಣಿ ಹತ್ತಿದ್ದ. ಸಿಟ್ಟಿನಲ್ಲಿ ಹತ್ತುವ ಮನುಷ್ಯನ ಕಾಲಿಗೆ ಮೆಟ್ಟಿಲು ಲೆಕ್ಕವಲ್ಲ. ಕೋಟಿನ ಬಾಲ ಹಾರಿಸುತ್ತ ಅಟ್ಟಣಿಗೆ ಮುಟ್ಟಿ, ಗೆದ್ದ ಪೈಲ್ವಾನನಂತೆ ಎರಡೂ ಕೈ ಎತ್ತಿದ. ಅಲ್ಲಿಂದ ತುಂಗಭದ್ರೆ ಬಿಸಿಲಿನಲ್ಲಿ ಹೊಳೆಯುವುದು ಕಾಣುತ್ತಿತ್ತು, ಸೇತುವೆಯ ಮೇಲೆ ಲಾರಿಗಳು ಹೋಗುವುದು ಕಾಣುತ್ತಿತ್ತು. ಬಹಳ ಚೆನ್ನಾಗಿತ್ತು. ಆಮೇಲೆ ಅವನು ಕೆಳಗೆ ನೋಡಿದ.

ಸಿಟ್ಟು ಏಣಿ ಹತ್ತಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಅಂಜಿನಪ್ಪ ಮೆಲ್ಲಗೆ ಕುಕ್ಕರಿಸಿ, ಕಬ್ಬಿಣದ ಕಂಬವೊಂದನ್ನು ಎರಡೂ ಕೈಯಿಂದ ಅಪ್ಪಿಕೊಂಡ.

"ಇಳೀರಿ ಯಜಮಾನ್ರೇ!" ಎಂದು ಕೂಗಿದರು ಬಕ್ಕೇಶರು.

"ಇಲ್ಲೇ ಚೆನ್ನಾಗೈತೆ ರೀ!"

"ಮಧ್ಯಾಹ್ನ ಆಗ್ತಾ ಬಂತು! ಊಟ ಬ್ಯಾಡ್ವಾ?"

"ಮ್ಯಾಲಕ್ಕೇ ಕಳಿಸ್ರಿ!"

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಲವರ ಕೈಯಲ್ಲಿ ಮೊಬೈಲುಗಳು ಮೇಲೆದ್ದವು. ಸುಮಾ ಮಾತ್ರ ನಗಲಿಲ್ಲ. ಕಂಬವನ್ನು ಹಿಡಿದ ಆ ಕೈಗಳು ಕೆಳಗಿನಿಂದ ನೋಡಿದರೂ ನಡುಗುತ್ತಿದ್ದುದು ಅವಳಿಗೆ ಕಾಣುತ್ತಿತ್ತು. ಗದ್ದೆಯಲ್ಲಿ ನಾಟಿಗೆ ಇಳಿಯುವ ಹೆಂಗಸರಂತೆ ಸೆರಗನ್ನು ಸೊಂಟಕ್ಕೆ ಬಿಗಿದಳು. ನಿರಿಗೆ ಹಿಂದಕ್ಕೆ ಒಯ್ದು ಸಿಕ್ಕಿಸಿ ಗಂಡುಗಚ್ಚೆ ಹಾಕಿದಳು. ಪರೀಕ್ಷೆಗೆಂದು ಇಟ್ಟಿದ್ದ ಹೆಲ್ಮೆಟ್ಟೊಂದನ್ನು ಎತ್ತಿಕೊಂಡಳು.

"ಸರ್, ಸೇಫ್ಟಿ ಬೆಲ್ಟು ಕೊಡ್ರಿ. ಮೇಲಿನ ಹಗ್ಗ ಒಬ್ರು ಹಿಡೀರಿ. ಏಣಿ ಬುಡ ಅಲ್ಲಾಡಬಾರ್ದು, ನೀವು ಹಿಡ್ಕೊಳ್ರಿ."

ಆ ದನಿಯಲ್ಲಿ ಏನಿತ್ತೋ, ಬಕ್ಕೇಶರು ಹೋಗಿ ಏಣಿಯ ಬುಡ ಹಿಡಿದೇಬಿಟ್ಟರು. ತಮಗೆ ಅಪ್ಪಣೆ ಮಾಡಿದ್ದು ಯಾರು ಎಂದು ಅವರಿಗೆ ಹೊಳೆಯುವಷ್ಟರಲ್ಲಿ ಹುಡುಗಿ ಅವರ ತಲೆಯ ಮೇಲೆ ಹತ್ತುತ್ತಿದ್ದಳು. ಅವರು ತಡೆಯಲೆಂದು ಬಾಯಿ ತೆರೆದಾಗ ಟೀ ಶರ್ಟಿನ ತಜ್ಞರು ಪಕ್ಕದಲ್ಲಿ ನಿಂತು ಹಗ್ಗ ಹಿಡಿದು, "ಹೋಗ್ಲಿ ಬಿಡ್ರಿ. ಕ್ರಮ ಸರಿಯಾಗಿದೆ" ಎಂದರು.

ಮೇಲೆ ಸುಮಾ ತಂದೆಯ ಪಕ್ಕದಲ್ಲಿ ಮಂಡಿಯೂರಿದಳು.

"ಅಪ್ಪಾಜಿ, ಕಂಬ ಬಿಡು."

"ಬಿಟ್ರೆ ಬೀಳ್ತೀನಿ."

"ನನ್ನ ಹಿಡ್ಕೊ."

"ನೀನೇ ಬಿದ್ರೆ?"

"ಬೀಳೋದನ್ನ ನನಗೆ ಕಲಿಸಿಲ್ಲ. ಇಳಿಸೋದನ್ನ ಕಲಿಸ್ಯಾರೆ."

ಅಂಜಿನಪ್ಪ ಮಗಳ ಕೈ ನೋಡಿದ. ಅದು ನಡುಗುತ್ತಿರಲಿಲ್ಲ. ಅವನು ಕಂಬ ಬಿಟ್ಟ. ಅವಳು ಅವನ ಎದೆಗೆ ಪಟ್ಟಿ ಬಿಗಿದು, ಹಗ್ಗಕ್ಕೆ ಕೊಕ್ಕೆ ಸಿಕ್ಕಿಸಿ, ಎಳೆದು ನೋಡಿ, ಬಗ್ಗಿ ಅವನನ್ನು ಹೆಗಲ ಮೇಲೆ ಅಡ್ಡಡ್ಡ ಎತ್ತಿಕೊಂಡಳು. ವಾಮದೇವಪ್ಪನವರ ಮದುವೆಯ ಕೋಟು ಬೆನ್ನಿನ ನಡುವೆ ಚರ್ರೆಂದು ಸೀಳಿತು.

ಜಗತ್ತು ತಲೆಕೆಳಗಾಯಿತು. ಫ್ಯಾಕ್ಟರಿಯ ಚಿಮಣಿ ಆಕಾಶದಿಂದ ಜೋತುಬಿದ್ದಂತೆ ಕಂಡಿತು. ಕೆಳಗೆ ಬಕ್ಕೇಶರ ಮೀಸೆ ಉಲ್ಟಾ ಆಗಿ ಅವರು ನಗುತ್ತಿರುವಂತೆ ಕಂಡಿತು. ಮಗಳ ಬೂಟು ಒಂದೊಂದೇ ಮೆಟ್ಟಿಲನ್ನು ಹುಡುಕಿ, ಊರಿ, ಮುಂದಿನದಕ್ಕೆ ಹೋಗುವುದನ್ನು ಅವನು ನೋಡುತ್ತಿದ್ದ. ಅವಸರವಿಲ್ಲ, ತಡವರಿಕೆಯಿಲ್ಲ. ಅವನೊಳಗಿನ ಭಯವೆಲ್ಲ ಎಲ್ಲೋ ಹೋಗಿ, ಅಲ್ಲಿ ಬೇರೇನೋ ತುಂಬತೊಡಗಿತು. ತುಂಬಿದ್ದನ್ನು ಒಳಗೆ ಇಟ್ಟುಕೊಳ್ಳುವ ಜಾಯಮಾನ ಅವನದಲ್ಲ.

"ನೋಡ್ರಪ್ಪಾ!" ಎಂದು ತಲೆಕೆಳಗಾಗಿಯೇ ಕೂಗಿದ. "ಎಲ್ಲಾರೂ ನೋಡ್ರಿ! ಯಾರ ಮಗಳು ಅಂತ ಕೇಳ್ರಿ!"

"ಅಪ್ಪಾಜಿ, ಸುಮ್ನಿರು. ಭಾರ ಅಲ್ಲಾಡ್ತೈತೆ."

"ಹದಡಿಯೋಳು ರೀ! ಫಸ್ಟ್ ಕ್ಲಾಸು!"

ಅವಳ ಬೂಟು ನೆಲ ಮುಟ್ಟಿದಾಗ ನಗುತ್ತಿದ್ದ ಹುಡುಗರೆಲ್ಲ ಚಪ್ಪಾಳೆ ಹೊಡೆಯುತ್ತಿದ್ದರು. ಹುಮಾ ಮೇಡಂ ಫೈಲು ಕೆಳಗಿಟ್ಟು ಚಪ್ಪಾಳೆ ಹೊಡೆದರು. ಬಕ್ಕೇಶರು ಏಣಿ ಬಿಟ್ಟು ಕೈ ಒರೆಸಿಕೊಂಡರು.

"ಗೊಂಬೆ ಹೊತ್ತು ಇಳಿಸೋ ಟೆಸ್ಟು ಇಟ್ಟಿದ್ವಿ" ಎಂದರು ತಜ್ಞರಿಗೆ, ಯಾವುದೋ ವರದಿ ಒಪ್ಪಿಸುವವರಂತೆ. "ಮರಳು ತುಂಬಿದ ಗೊಂಬೆ. ಅದು ಒದ್ದಾಡಲ್ಲ, ಭಾಷಣ ಮಾಡಲ್ಲ. ಈ ಯಜಮಾನ್ರು ಎರಡೂ ಮಾಡಿದ್ರು."

"ಹಂಗಾದ್ರೆ ಟೆಸ್ಟು ಆಯ್ತು ಅಂತ ಬರ್ಕೊಳ್ರಿ" ಎಂದರು ತಜ್ಞರು.

ಬೆಂಕಿಯ ಪರೀಕ್ಷೆಗೆ ಸೀರೆ ಆಗದು ಎಂದು ಬಕ್ಕೇಶರು ಈಗಲೂ ಹೇಳಿದರು. ಆದರೆ ಹೇಳಿದವರೇ ಸ್ಟೋರಿಗೆ ಹೋಗಿ, ತಮ್ಮ ಸಿಬ್ಬಂದಿಯ ದಪ್ಪ ಬಟ್ಟೆಯ ಡ್ರೆಸ್ಸೊಂದನ್ನು ತಂದುಕೊಟ್ಟರು. ಅದರ ತೋಳು ಅವಳ ಬೆರಳಿನಾಚೆ ಇಳಿದಿತ್ತು. ಹುಮಾ ಮೇಡಂ ತಾವೇ ಮಡಚಿದರು. ಮೈದಾನದ ನಡುವೆ ಕಬ್ಬಿಣದ ತಟ್ಟೆಯಲ್ಲಿ ಎಣ್ಣೆ ಸುರಿದು ಬೆಂಕಿ ಹಚ್ಚಿದರು. ಅಂಜಿನಪ್ಪ ಕಣ್ಣು ಮುಚ್ಚಿಕೊಂಡು ಊರಿನ ಆಂಜನೇಯನಿಂದ ಹಿಡಿದು ಹರಿಹರೇಶ್ವರನವರೆಗೆ ಎಲ್ಲರನ್ನೂ ಕರೆದ. ಬಹಳ ಹೊತ್ತಾದ ಮೇಲೆ ಒಂದೇ ಕಣ್ಣು ತೆರೆದು, "ಹಚ್ಚಿದ್ರೇನ್ರಿ?" ಎಂದು ಕೇಳಿದ.

"ಆರ್ಸಿ ಆತು ಯಜಮಾನ್ರೇ" ಎಂದ ಕಾವಲುಗಾರ.

ಸಂಜೆ ಹೆಸರು ಕೂಗಿದಾಗ ಸುಮಾಳ ಹೆಸರೂ ಇತ್ತು. ಹೆಣ್ಣುಮಗಳ ಅಳತೆಯ ಡ್ರೆಸ್ಸು ಆ ಫ್ಯಾಕ್ಟರಿಯಲ್ಲಿ ಇನ್ನೂ ಹೊಲಿಸಿರಲಿಲ್ಲ. ಅಳತೆ ಕೊಡಲು ಒಳ್ಳೆಯ ಟೈಲರ್ ಗೊತ್ತೆಂದು ಅಂಜಿನಪ್ಪ ಬಾಯಿ ತೆರೆದದ್ದೇ, ಸುಮಾ ಅವನ ಕೈಹಿಡಿದು ಗೇಟಿನಾಚೆ ಕರೆದೊಯ್ದಳು.

ಸೀಳಿದ ಕೋಟನ್ನು ಹಿಡಿದು ವಾಮದೇವಪ್ಪನವರ ಮುಂದೆ ಅಂಜಿನಪ್ಪ ತಲೆ ತಗ್ಗಿಸಿ ನಿಂತ. ಅವರು ಕಥೆಯೆಲ್ಲ ಕೇಳಿ, ಕೋಟನ್ನು ತಿರುಗಿಸಿ ಸೀಳು ನೋಡಿ, ಹೊಲಿಸಲು ಒಪ್ಪಲಿಲ್ಲ. ಮರುದಿನದಿಂದ ಅದು ಚೌಕಿಪೇಟೆಯ ಅಂಗಡಿಯಲ್ಲಿ ಗಿರಾಕಿಗಳಿಗೆ ಕಾಣುವಂತೆ ತೂಗಿತು. "ನಮ್ಮ ಮಹಡಿ ಮ್ಯಾಲಿನ ಹುಡುಗಿ, ಫೈರ್ ಆಫೀಸಿನೊಳಗೆ!" ಎಂದು ಅವರು ಬಂದವರಿಗೆಲ್ಲ ಸೀಳು ಮುಟ್ಟಿ ತೋರಿಸುತ್ತಿದ್ದರು.

ಹದಡಿಗೆ ಅಂಜಿನಪ್ಪ ಬರುವ ಮೊದಲೇ ಮೊಬೈಲಿನ ವಿಡಿಯೋ ಬಂದಿತ್ತು. ನಿಂಗರಾಜನ ಅಂಗಡಿಯಲ್ಲಿ ಜನ ಒಬ್ಬರ ತಲೆಯ ಮೇಲೆ ಒಬ್ಬರು ಬಗ್ಗಿ ಅದನ್ನೇ ನೋಡುತ್ತಿದ್ದರು. ಬಹಳ ವರ್ಷಗಳ ಮೇಲೆ ಊರಿಗೆ ಮೊದಲು ಸುದ್ದಿ ಮುಟ್ಟಿಸುವ ಭಾಗ್ಯ ಅವನ ಕೈತಪ್ಪಿತ್ತು. ನಿಂಗರಾಜ ಲೋಟ ಮುಂದಿಡುತ್ತ ಕಣ್ಣು ಮಿಟುಕಿಸಿದ.

"ಅಲ್ಲೋ ಅಂಜಿನಪ್ಪ, ಅಕ್ಕಿ ಚೀಲ ಇದ್ದಂಗೆ ಮಗಳ ಹೆಗಲ ಮ್ಯಾಲೆ ಬಂದೀಯಲ್ಲ. ಅಷ್ಟು ಜನದ ಮುಂದೆ ನಾಚಿಕಿ ಆಗ್ಲಿಲ್ಲೇನು?"

ಅಂಗಡಿ ನಗಲು ಬಾಯಿ ತೆರೆದು ಕಾಯಿತು. ಅಂಜಿನಪ್ಪ ಚಹಾ ಊದಿ, ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟ.

"ಹೆಗಲ ಮ್ಯಾಲೆ ಹೋಗೋದು ಯಾರಿಗೂ ತಪ್ಪಿದ್ದಲ್ಲ ನಿಂಗರಾಜ. ನಿನಗಾದ್ರೂ ಸೈ, ಇಲ್ಲಿ ಕೂತೋರಿಗಾದ್ರೂ ಸೈ, ಹೊರೋಕೆ ನಾಲ್ಕು ಜನ ಬೇಕು. ನನಗೆ ನನ್ನ ಮಗಳೊಬ್ಬಳೇ ಸಾಕು!"